ನಕಾಶೆಯಲ್ಲಿಲ್ಲದ ಬಂಡಿದಾರಿಗೆ ಬೇಲಿ ಬಿದ್ದಿದೆ, ಏನು ಮಾಡಬೇಕು?

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಎರಡು ಎಕರೆ ಹತ್ತು ಗುಂಟೆ ತೆಂಗಿನ ತೋಟ ಇದೆ, ಅಂಚಿನಲ್ಲಿ ಒಂದಿಷ್ಟು ಅಡಿಕೆ. ತೋಟ ಒಳಗಡೆ ಇದೆ. ಟಾರ್ ರಸ್ತೆಗೆ ಬರಬೇಕಾದರೆ ಮುಂದಿನ ಜಮೀನು ದಾಟಲೇಬೇಕು. ಅದು ನಮ್ಮ ತಾತನ ತಮ್ಮನ ಪಾಲಿಗೆ ಹೋಗಿದ್ದ ಜಮೀನು. ಅವರ ಮಕ್ಕಳು ಹೋದ ವರ್ಷ ಹೊರಗಿನವರಿಗೆ ಮಾರಿದರು.

ಯುಗಾದಿ ಕಳೆದು ಹದಿನೈದು ದಿನಕ್ಕೆ ಕೊಂಡವರು ಕಲ್ಲುಕಂಬ ನೆಟ್ಟು ತಂತಿಬೇಲಿ ಎಳೆಸಿದರು. ನಮ್ಮ ಬಂಡಿದಾರಿ ಪೂರ್ತಿ ಒಳಗೆ ಸೇರಿಹೋಯಿತು. ಕೆಡವಿದ ಕಾಯಿ ತೋಟದಲ್ಲೇ ರಾಶಿ ಬಿದ್ದಿದೆ. ಗೊಬ್ಬರದ ಟ್ರ್ಯಾಕ್ಟರ್ ರಸ್ತೆಯಿಂದಲೇ ವಾಪಸ್ ಹೋಯಿತು. ಅಪ್ಪನಿಗೆ 71 ವರ್ಷ. ಹಸುವಿಗೆ ಹುಲ್ಲು ತರಲು ತಂತಿ ಎತ್ತಿಕೊಂಡು ನುಸುಳಿ ಹೋಗಿಬಂದರು. ಅದಕ್ಕೆ ಅತಿಕ್ರಮ ಪ್ರವೇಶ ಅಂತ ದೂರು ಕೊಟ್ಟಿದ್ದಾರೆ. ಠಾಣೆಯಿಂದ ಫೋನ್ ಬಂದ ದಿನ ಅಪ್ಪ ಊಟ ಮಾಡಲಿಲ್ಲ.

ಗ್ರಾಮ ನಕಾಶೆ ತೆಗೆಸಿ ನೋಡಿದೆ. ಅದರಲ್ಲಿ ಈ ದಾರಿ ಇಲ್ಲ. ಕೊಂಡವರು, ಕೆರೆ ಏರಿ ಕಡೆಯಿಂದ ಸುತ್ತಿಕೊಂಡು ಹೋಗಿ ಅನ್ನುತ್ತಾರೆ. ಅಲ್ಲಿ ಕಾಲುಹಾದಿ ಮಾತ್ರ ಇದೆ, ಬಂಡಿ ಹೋಗುವುದಿಲ್ಲ. ಕೆರೆ ತುಂಬಿದರೆ ಮೊಣಕಾಲುದ್ದ ನೀರು. ನಮಗೆ ಹಕ್ಕು ಇದೆಯಾ, ಇಲ್ವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಸರಪಳಿ33

ಭೂಮಾಪನದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮೊದಲು ದಾಖಲೆಯ ಮಾತು. ಗ್ರಾಮ ನಕಾಶೆ ಒಂದನ್ನೇ ನೋಡಿ ದಾರಿ ಇಲ್ಲ ಅಂದುಕೊಳ್ಳಬೇಡಿ. ನಕಾಶೆಯಲ್ಲಿ ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕಿಗೆರೆ ಇದ್ದರೆ ಕಾಲುದಾರಿ. ಆದರೆ ಅದು ಇಡೀ ಊರಿನ ಚಿತ್ರ. ಒಂದು ಸರ್ವೆ ನಂಬರಿನ ಒಳಗೆ ಅಣ್ಣತಮ್ಮಂದಿರು ಬಿಟ್ಟುಕೊಂಡ ದಾರಿ ಅದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ನಿಮ್ಮ ನಂಬರಿನ ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ, ಪಕ್ಕಾ ಪುಸ್ತಕ, ಆಕಾರಬಂದ್ ಇಷ್ಟಕ್ಕೂ ನಕಲಿಗೆ ಅರ್ಜಿ ಹಾಕಿ. ಇವೆಲ್ಲ ಸರ್ವೆ ಇಲಾಖೆಯ ಹಳೇ ಅಳತೆ, ವಿಸ್ತೀರ್ಣದ ದಾಖಲೆಗಳು. ಪಹಣಿಯಲ್ಲಿ ಖರಾಬು ಎಷ್ಟಿದೆ ನೋಡಿ. 'ಅ' ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ, ಅದು ಹಿಡುವಳಿದಾರನದೇ. 'ಬ' ಖರಾಬು ಹಾಗಲ್ಲ. ರಸ್ತೆ, ಹಳ್ಳ, ದಾರಿ ಅಂತ ಸಾರ್ವಜನಿಕರಿಗೆ ಬಿಟ್ಟದ್ದು. ಮುಂದಿನ ಜಮೀನಿನಲ್ಲಿ ಎರಡು ಗುಂಟೆ 'ಬ' ಖರಾಬು ಇದ್ದರೂ ಸಾಕು, ಅದು ಯಾಕೆ ಬಂತು ಅಂತ ಟಿಪ್ಪಣಿಯಲ್ಲಿ ಹುಡುಕಬಹುದು. ನಮ್ಮ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಹಳೇ ಟಿಪ್ಪಣಿಯ ಅಳತೆಯೆಲ್ಲ ಆ ಲೆಕ್ಕದಲ್ಲಿರುತ್ತದೆ. ಅಡಿ, ಮೀಟರ್ ಅಂತ ಓದಿಕೊಂಡು ಮೋಸ ಹೋಗಬೇಡಿ.

ಬಯಲುಸೀಮೆ

ನಾಲ್ಕು ಜನ ಕರೆದುಕೊಂಡು ಹೋಗಿ ತಂತಿ ಕತ್ತರಿಸಿ ಸ್ವಾಮಿ. ನಮ್ಮೂರಲ್ಲಿ ಹಾಗೇ ಮಾಡಿದ್ದು. ಕೋರ್ಟು ಅಂತ ಹೋದರೆ ಕಾಯಿ ಕೊಬ್ಬರಿಯಾಗುತ್ತದೆ, ತೀರ್ಪು ಬರುವುದಿಲ್ಲ.

ತಾಲ್ಲೂಕು ಕೋರ್ಟು

ದಯವಿಟ್ಟು ತಂತಿ ಮುಟ್ಟಬೇಡಿ. ಈಗ ನ್ಯಾಯ ನಿಮ್ಮ ಕಡೆ ಇದೆ. ತಂತಿ ಕತ್ತರಿಸಿದ ದಿನ ಆಸ್ತಿ ಹಾನಿಯ ಕೇಸು ನಿಮ್ಮ ಮೇಲೆ ಬರುತ್ತದೆ. ಆಮೇಲೆ ರಾಜಿ ಮಾತಾಡುವಾಗ ನಿಮ್ಮ ದಾರಿಯನ್ನೂ ಅವರ ತಂತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ನಾನು ವಕೀಲ. ಇಂಥ ಕೇಸು ಎರಡೂ ಕಡೆಯಿಂದ ನಡೆಸಿದ್ದೇನೆ.

ಮೊದಲು ಅಪ್ಪನ ವಿಷಯ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅತಿಕ್ರಮ ಪ್ರವೇಶ ಅದರಲ್ಲಿ 329ನೇ ಸೆಕ್ಷನ್. ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಮೀನು ಸಿಗುವ ಅಪರಾಧ. ಆದರೆ ಬೇರೆಯವರ ಜಮೀನಿಗೆ ಕಾಲಿಟ್ಟ ಮಾತ್ರಕ್ಕೆ ಅದು ಅಪರಾಧ ಆಗುವುದಿಲ್ಲ. ಅಪರಾಧ ಮಾಡಬೇಕು, ಹೆದರಿಸಬೇಕು, ಅವಮಾನ ಮಾಡಬೇಕು, ಕಾಟ ಕೊಡಬೇಕು ಅನ್ನುವ ಉದ್ದೇಶ ಇರಬೇಕು. ಹುಲ್ಲು ಹೊರೆ ತರಲು ದಿನಾ ನಡೆದ ದಾರಿಯಲ್ಲಿ ಹೋದ ಮುದುಕರಿಗೆ ಯಾವ ಉದ್ದೇಶ? ಠಾಣೆಗೆ ಹೋಗಿ ಬರವಣಿಗೆಯಲ್ಲಿ ಉತ್ತರ ಕೊಡಿ. ದಾರಿ ನಮ್ಮ ಹಕ್ಕು ಅಂತ ನಂಬಿ ಹೋಗಿದ್ದೇನೆ ಎಂದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಹಿಂಬರಹ, ಅಂದರೆ ಠಾಣೆಯವರು ಬರೆದುಕೊಡುವ ಉತ್ತರ, ತೆಗೆದುಕೊಳ್ಳದೆ ಬರಬೇಡಿ.

ಹಾಗಂತ ನೀವು ಅವರ ಮೇಲೆ ಅಕ್ರಮ ತಡೆ ಅಂತ 126ನೇ ಸೆಕ್ಷನ್ ದೂರು ಕೊಡಲು ಓಡಬೇಡಿ. ಅದರಲ್ಲೇ ಒಂದು ವಿನಾಯಿತಿ ಇದೆ. ಖಾಸಗಿ ದಾರಿಯನ್ನು ತಡೆಯುವ ಹಕ್ಕು ತನಗಿದೆ ಎಂದು ಒಳ್ಳೆಯ ನಂಬಿಕೆಯಿಂದ ತಡೆದರೆ ಅದು ಅಪರಾಧ ಅಲ್ಲ. ಪೊಲೀಸರು ಇದು ಸಿವಿಲ್ ವ್ಯಾಜ್ಯ ಅಂತ ಇಬ್ಬರನ್ನೂ ಕಳಿಸುವುದು ಸುಮ್ನೆ ಅಲ್ಲ.

ಈಗ ಹಕ್ಕಿನ ಮಾತು. ಒಂದು ಪ್ರಶ್ನೆಗೆ ಉತ್ತರ ಬೇಕು. ತಾತ ಮತ್ತು ಅವರ ತಮ್ಮ ಪಾಲಾದಾಗ ಕಾಗದ ಆಗಿತ್ತಾ? ಆಗಿದ್ದರೆ ರಿಜಿಸ್ಟರ್ ಆಗಿತ್ತಾ?

ತೆಂಗಿನತೋಟ

ಆಗಿತ್ತು ಅಂತ ಅಪ್ಪ ಹೇಳುತ್ತಾರೆ. ಪಾಲುಪಾರಿಕತ್ತು ಅಂತ ಕರೆಯುತ್ತಿದ್ದರು. 1974ರಲ್ಲಿ. ಆದರೆ ಮನೆಯಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದಿದೆ. ಮೊದಲ ಹಾಳೆಯ ಅರ್ಧ ಮಾತ್ರ ಉಳಿದಿದೆ.

ತಾಲ್ಲೂಕು ಕೋರ್ಟು

ರಿಜಿಸ್ಟರ್ ಆಗಿದ್ದರೆ ಗೆದ್ದಲಿಗೆ ಹೆದರಬೇಡಿ. ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ. ನಾಳೆಯೇ ಅರ್ಜಿ ಕೊಡಿ. ನಿಮ್ಮ ಕೇಸಿನ ಜೀವ ಅದರಲ್ಲೇ ಇದೆ. ಯಾಕೆ ಅಂತ ಹೇಳುತ್ತೇನೆ.

1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಖಾಸಗಿ ಜಮೀನಿನ ಮೇಲೆ ದಾರಿ ಹಕ್ಕು ಹುಟ್ಟುವ ಬಗೆ ಹಲವು. ಈಸ್‌ಮೆಂಟ್ ಅಂದರೆ ಬೇರೆಯವರ ಜಮೀನನ್ನು ದಾರಿಯಂಥ ಕೆಲಸಕ್ಕೆ ಬಳಸುವ ಹಕ್ಕು. ನಿಮಗೆ ಬೇಕಾದವು ಮೂರು. ಅನಿವಾರ್ಯತೆಯ ದಾರಿ 13ನೇ ಸೆಕ್ಷನ್. ಒಟ್ಟಿಗಿದ್ದ ಆಸ್ತಿ ಪಾಲಾದಾಗ ಒಬ್ಬನ ಪಾಲನ್ನು ಅನುಭವಿಸಲು ಇನ್ನೊಬ್ಬನ ಪಾಲಿನ ಮೇಲೆ ದಾರಿ ಬೇಕೇಬೇಕು ಅಂತಾದರೆ, ಕಾಗದದಲ್ಲಿ ಬರೆಯದಿದ್ದರೂ ಆ ಹಕ್ಕು ಬರುತ್ತದೆ. ನಿಮ್ಮ ಪರಿಸ್ಥಿತಿಗೇ ಬರೆದ ಹಾಗಿದೆ, ಅಲ್ವಾ? ಆದರೆ ಅದಕ್ಕೆ 41ನೇ ಸೆಕ್ಷನ್‌ನ ಕತ್ತಿ ತೂಗುತ್ತಿರುತ್ತದೆ. ಅನಿವಾರ್ಯತೆ ಮುಗಿದ ದಿನ ಹಕ್ಕೂ ಮುಗಿಯಿತು. ಎದುರು ಕಡೆಯವರು ಕೆರೆ ಏರಿ ದಾರಿ ತೋರಿಸುತ್ತಿರುವುದು ಇದಕ್ಕೇ. ಯಾರೋ ತಿಳಿದವರು ಹೇಳಿಕೊಟ್ಟಿದ್ದಾರೆ.

ಎರಡನೆಯದು ರೂಢಿಯಿಂದ ಬರುವ ಹಕ್ಕು, 15ನೇ ಸೆಕ್ಷನ್. 20 ವರ್ಷ ಶಾಂತವಾಗಿ, ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿರಬೇಕು. ಸರ್ಕಾರಿ ಜಮೀನಾದರೆ 30 ವರ್ಷ. ಈ 'ಹಕ್ಕಿನಿಂದ' ಅನ್ನುವ ಒಂದು ಪದದಲ್ಲಿ ಎಷ್ಟೋ ರೈತರು ಸೋತಿದ್ದನ್ನು ನಾನೇ ಕಂಡಿದ್ದೇನೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಮೆಲ್ಲಗೆ ಕೇಳುತ್ತಾರೆ: ಅಜ್ಜಾ, ಆ ಮನೆಯವರು ಒಳ್ಳೆಯವರು ಅಲ್ವಾ? ಹೌದು ಸ್ವಾಮಿ. ಅವರನ್ನು ಕೇಳಿಕೊಂಡೇ ಓಡಾಡುತ್ತಿದ್ದಿರಿ ಅಲ್ವಾ? ಹೌದು ಸ್ವಾಮಿ, ಕೇಳದೆ ಹೋಗುತ್ತೇವೆಯೇ! ಮುಗಿಯಿತು. ಕೇಳಿಕೊಂಡು ಹೋದರೆ ಅದು ಅನುಮತಿ, ಹಕ್ಕಲ್ಲ. ಅನುಮತಿಯನ್ನು ಕೊಟ್ಟವರು ವಾಪಸ್ ಪಡೆಯಬಹುದು. ನಮ್ಮ ಹಳ್ಳಿಯವರ ಮರ್ಯಾದೆಯ ಮಾತೇ ಅವರಿಗೆ ಮುಳುವಾಗುತ್ತದೆ. ನನಗೆ ಪ್ರತಿಸಲವೂ ಹೊಟ್ಟೆ ಉರಿಯುತ್ತದೆ. ಸುಳ್ಳು ಹೇಳಿ ಅನ್ನುತ್ತಿಲ್ಲ. ದಿನಾ ಯಾರನ್ನೂ ಕೇಳದೆ ಬಂಡಿ ಹೊಡೆದಿದ್ದರೆ ಆ ಸತ್ಯವನ್ನು ನೇರವಾಗಿ ಹೇಳಬೇಕು, ಅಷ್ಟೇ.

ಮೂರನೆಯದು ಕಾಗದದಲ್ಲಿ ಬರೆದುಕೊಟ್ಟ ದಾರಿ. ಇದೇ ಗಟ್ಟಿ. ಪಾಲುಪತ್ರದಲ್ಲಿ ದಾರಿ ಬರೆದಿದ್ದರೆ, ಇನ್ನೊಂದು ದಾರಿ ಇದೆ ಅನ್ನುವ ವಾದ ಅಲ್ಲಿ ನಿಲ್ಲುವುದಿಲ್ಲ. ಒಪ್ಪಂದದಿಂದ ಬಂದ ದಾರಿಗೆ 41ನೇ ಸೆಕ್ಷನ್ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೀರೋ ವಿನೋತ್ ಪ್ರಕರಣದಲ್ಲಿ ಹೇಳಿದೆ.

ಮಲೆನಾಡ ಬೇಲಿ

ನಾನು ಬೇಲಿ ಹಾಕುವವರ ಕಡೆಯಿಂದ ಮಾತಾಡುತ್ತೇನೆ. ತಪ್ಪು ತಿಳಿಯಬೇಡಿ. ಕೊಪ್ಪದ ಕಡೆ ನಮ್ಮ ಅಡಿಕೆ ತೋಟದ ನಡುವೆ ಮೂರು ಮನೆಯವರು ಓಡಾಡುತ್ತಾರೆ. ನಮ್ಮಜ್ಜ ಬಿಟ್ಟದ್ದು, ನಾವೂ ಬಿಟ್ಟಿದ್ದೇವೆ. ಮೊದಲು ನಡೆದುಕೊಂಡು ಹೋಗುತ್ತಿದ್ದರು. ಆಮೇಲೆ ಬೈಕು ಬಂತು. ಈಗ ಪಿಕಪ್. ಮಳೆಗಾಲದಲ್ಲಿ ಚಕ್ರ ಹೂತು ಕಾಲುವೆ ಒಡೆದುಹೋಗುತ್ತದೆ, ಸರಿ ಮಾಡುವವರು ನಾವು. ದಾರಿಗೆ ಅಡ್ಡ ಇಟ್ಟ ಉಣುಗೋಲು ತೆಗೆದವರು ಮತ್ತೆ ಹಾಕುವುದಿಲ್ಲ, ದನ ನುಗ್ಗಿ ಎಳೇ ಸಸಿ ಹಾಳು. ಹೀಗೆ ಬಿಟ್ಟುಕೊಂಡು ಬಂದರೆ 20 ವರ್ಷಕ್ಕೆ ಅವರ ಹಕ್ಕಾಗುತ್ತದೆ ಅಂತ ಈಗ ಓದಿದೆ. ಒಳ್ಳೆಯತನಕ್ಕೆ ಇದೇನಾ ಬೆಲೆ? ಹೆದರಿಕೊಂಡೇ ಎಷ್ಟೋ ಜನ ದಾರಿ ಮುಚ್ಚುವುದು.

ತಾಲ್ಲೂಕು ಕೋರ್ಟು

ನಿಮ್ಮ ಮಾತು ನ್ಯಾಯವಾದದ್ದು. ದಾರಿ ಮುಚ್ಚಬೇಡಿ, ಕಾಗದ ಮಾಡಿ. ನಿಮ್ಮ ಜಮೀನಿನಲ್ಲಿ ನಿಮ್ಮ ಅನುಮತಿಯಿಂದ ಓಡಾಡುತ್ತಿದ್ದೇವೆ ಎಂದು ಮೂರು ಮನೆಯವರೂ ಸಹಿ ಹಾಕಿದ ಒಂದು ಪತ್ರ ಇರಲಿ. ಅನುಮತಿಯಿಂದ ನಡೆದದ್ದು ಎಷ್ಟು ವರ್ಷವಾದರೂ ರೂಢಿ ಹಕ್ಕಾಗುವುದಿಲ್ಲ. ಆದರೆ ಆಗಲೇ 20 ವರ್ಷ ಕೇಳದೆ ಓಡಾಡಿದ್ದರೆ ಅವರು ಸಹಿ ಹಾಕುವ ಮುಂಚೆ ಯೋಚನೆ ಮಾಡುತ್ತಾರೆ, ಅದೂ ಅವರ ಹಕ್ಕು.

ಹಕ್ಕು ಇರುವವರಿಗೂ ಮಿತಿ ಇದೆ. ಜಮೀನಿನವರಿಗೆ ಆದಷ್ಟು ಕಡಿಮೆ ತೊಂದರೆ ಆಗುವ ಹಾಗೆ ಓಡಾಡಬೇಕು, ಅದು 22ನೇ ಸೆಕ್ಷನ್. ದಾರಿ ಉಳಿಸಿಕೊಳ್ಳುವ ರಿಪೇರಿ ಖರ್ಚು ಓಡಾಡುವವರದು. ಕಾಲುದಾರಿ ಹಕ್ಕು ಇದ್ದರೆ ಅದು ತಾನಾಗಿ ಬಂಡಿದಾರಿ ಆಗುವುದಿಲ್ಲ, 28ನೇ ಸೆಕ್ಷನ್. ಹಾಗಾಗಿ ನಿಮ್ಮ ಪಿಕಪ್ ಪ್ರಶ್ನೆ ಸಣ್ಣದಲ್ಲ. ದನ ಬರದಂತೆ ಗೇಟು ಇಡಲು ಅಡ್ಡಿಯಿಲ್ಲ, ಬೀಗ ಜಡಿದು ದಾರಿ ನಿಲ್ಲಿಸಬಾರದು.

ಊರಿಂದ ದೂರ

ಊರು ಹಾಸನ, ಈಗ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಭಾನುವಾರ ಯಾರದೋ ಗೋಧಿ ಹೊಲದ ನಡುವೆ ನಡೆದುಹೋಗುತ್ತೇವೆ. ರೈತ ಎದುರು ಸಿಕ್ಕರೆ ಕೈ ಬೀಸುತ್ತಾನೆ, ಅಷ್ಟೇ. ಅದು ಪಕ್ಕದ ಜಮೀನಿನವನ ಹಕ್ಕಲ್ಲ, ಯಾರು ಬೇಕಾದರೂ ನಡೆಯಬಹುದು. 1949ರ ಕಾಯ್ದೆಯಿಂದ ಇಂಥ ಹಾದಿಗಳಿಗೆ ಅಂತಲೇ ಪ್ರತ್ಯೇಕ ನಕಾಶೆ ಮಾಡಿಸಿದರು. ಅದರಲ್ಲಿ ಹಾದಿ ಇದ್ದರೆ ಅದೇ ಕೊನೆಯ ಸಾಕ್ಷಿ. ನನಗೆ ಬಹಳ ಹಿಡಿಸಿದ್ದು ಉಳುಮೆಯ ನಿಯಮ. ಹೊಲದ ನಡುವಿನ ಕಾಲುಹಾದಿಯನ್ನು ಬಿತ್ತನೆಗೆ ಉತ್ತರೆ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲ ಮತ್ತೆ ಮಾಡಿಕೊಡಬೇಕು. ಹೊಲದ ಅಂಚಿನ ಹಾದಿಯನ್ನು ಉಳುವ ಹಾಗೇ ಇಲ್ಲ.

ಸರಪಳಿ33

ಈ ಉಳುಮೆಯ ಮಾತು ಓದಿ ಮನಸ್ಸು ಎಲ್ಲೋ ಹೋಯಿತು. ನಮ್ಮ ಬಂಡಿದಾರಿ ಹೋದದ್ದೇ ಹೀಗೆ. ಒಂದೇ ದಿನ ಯಾರೂ ನುಂಗಲಿಲ್ಲ. ಈ ಕಡೆಯವನು ವರ್ಷಕ್ಕೊಂದು ಸಾಲು, ಆ ಕಡೆಯವನು ವರ್ಷಕ್ಕೊಂದು ಸಾಲು. ನಕಾಶೆಯಲ್ಲಿ ಜೋಡಿ ಗೆರೆ ಹಾಗೇ ಇರುತ್ತದೆ. ಸ್ಥಳಕ್ಕೆ ಹೋದರೆ ಒಬ್ಬ ಮನುಷ್ಯ ಓರೆಯಾಗಿ ನಡೆಯುವ ಬದು ಉಳಿದಿರುತ್ತದೆ. ಸರಪಳಿ ಹಿಡಿದು ಅಲ್ಲಿ ನಿಂತಾಗ ಎರಡೂ ಕಡೆಯವರು ಇದು ನಮ್ಮಪ್ಪನ ಕಾಲದಿಂದ ಹೀಗೇ ಇದೆ ಅನ್ನುತ್ತಾರೆ.

ನಕಾಶೆಯಲ್ಲಿ ಇರುವ ದಾರಿಯ ಬಗ್ಗೆ ಬೇರೆ ಓದುಗರಿಗೆ ಹೇಳುತ್ತೇನೆ. ಅದಕ್ಕೆ 20 ವರ್ಷದ ಲೆಕ್ಕ ಬೇಡ, ಸಿವಿಲ್ ದಾವೆಯೂ ಮೊದಲೇ ಬೇಡ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿ ಎಲ್ಲ ಸರ್ಕಾರದ್ದು. ಅದಕ್ಕೆ ಬೇಲಿ ಹಾಕಿದರೆ ಒತ್ತುವರಿ. ತಹಶೀಲ್ದಾರರಿಗೆ ಅರ್ಜಿ ಕೊಡಿ, ಹದ್ದುಬಸ್ತು ಮಾಡಿಸಿ, ಅಂದರೆ ಗಡಿ ಅಳತೆ ಮಾಡಿಸಿ, ತೆರವು ಕೇಳಿ. ನಕಾಶೆ ಕಂಡ ದಾರಿಗಳನ್ನು ತೆರವು ಮಾಡಿಕೊಡಬೇಕು ಅಂತ ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

ಕೆರೆಕೋಡಿ

ನಮ್ಮ ಕೇರಿಯಿಂದ ಸ್ಮಶಾನಕ್ಕೆ ಹೋಗುವ ದಾರಿಯನ್ನು ಜಮೀನಿನವರು ಎರಡು ಸಲ ಮುಚ್ಚಿದರು. ಎರಡನೇ ಸಲ ಮುಚ್ಚಿದಾಗ ನಮ್ಮ ದೊಡ್ಡಮ್ಮನ ಹೆಣ ದಾರಿಯಲ್ಲಿ ನಿಂತಿತ್ತು. ಚಟ್ಟ ಹೊತ್ತ ಭುಜ ಬದಲಿಸುತ್ತಾ ಒಂದು ಗಂಟೆ ಕಾದೆವು. ಜೋಳದ ಬೆಳೆ ಹಾಳಾಗುತ್ತದೆ ಅಂದರು. ಅವತ್ತಿನಿಂದ ದಾರಿ ಅನ್ನುವ ಮಾತು ನನಗೆ ಬರೀ ಜಮೀನಿನ ಮಾತಲ್ಲ.

ನಮ್ಮಂಥವರಿಗೆ ಇನ್ನೊಂದು ಕಾನೂನಿದೆ, ಬಹಳ ಜನಕ್ಕೆ ಗೊತ್ತಿಲ್ಲ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಸಾರ್ವಜನಿಕ ಸ್ಥಳಕ್ಕೆ ರೂಢಿಯಿಂದ ಇರುವ ದಾರಿಯನ್ನು ಪರಿಶಿಷ್ಟರಿಗೆ ನಿರಾಕರಿಸುವುದೇ ಅಪರಾಧ. ಸ್ಮಶಾನ, ಕೆರೆ, ಬಾವಿ, ರಸ್ತೆಯನ್ನು ಎಲ್ಲರಂತೆ ಬಳಸದ ಹಾಗೆ ತಡೆಯುವುದೂ ಅಪರಾಧ. ಅದನ್ನು ಬರೆದು ದೂರು ಕೊಟ್ಟ ಮೇಲೆ ದಾರಿ ತೆರೆಯಿತು. ಆದರೆ ಆ ಒಂದು ಗಂಟೆ ಮರೆಯಲು ಆಗುವುದಿಲ್ಲ.

ಬಯಲುಸೀಮೆ

ನಾನು ಮೊದಲು ಬರೆದದ್ದು ಸಿಟ್ಟಿನಲ್ಲಿ ಬರೆದದ್ದು. ಕೆರೆಕೋಡಿಯವರ ಮಾತು ಓದಿದ ಮೇಲೆ ಏನು ಹೇಳುವುದೋ ಗೊತ್ತಾಗುತ್ತಿಲ್ಲ. ತೆಂಗಿನತೋಟದವರೇ, ಕೋರ್ಟಿಗೆ ಮುಂಚೆ ತಕ್ಷಣಕ್ಕೆ ಏನಾದರೂ ಇದೆಯಾ ಅಂತ ವಕೀಲರನ್ನು ಕೇಳಿ. ಕಾಯಿ ಕಾಯುವುದಿಲ್ಲ.

ತಾಲ್ಲೂಕು ಕೋರ್ಟು

ಇದೆ. ಜಗಳ ಹೊಡೆದಾಟಕ್ಕೆ ಹೋಗುವ ಲಕ್ಷಣ ಇದ್ದರೆ ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿಯಾಗಿ ವಿಚಾರಣೆ ಮಾಡಿ ತಡೆ ತೆಗೆಸಬಹುದು. ಮೊದಲು ಸಿಆರ್‌ಪಿಸಿ 147 ಇತ್ತು, ಈಗ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಸೆಕ್ಷನ್. ಆದರೆ ವರ್ಷವಿಡೀ ಬಳಸುವ ದಾರಿಯಾದರೆ ದೂರಿಗೆ ಹಿಂದಿನ ಮೂರು ತಿಂಗಳೊಳಗೆ ನೀವು ಓಡಾಡಿರಬೇಕು. ನೋಡೋಣ, ಮಾತಾಡೋಣ ಅಂತ ನಾಲ್ಕು ತಿಂಗಳು ಕಳೆದವರಿಗೆ ಈ ಬಾಗಿಲು ಮುಚ್ಚುತ್ತದೆ. ಮತ್ತೆ, ದಂಡಾಧಿಕಾರಿಯ ಆದೇಶ ಶಾಂತಿ ಕಾಪಾಡಲು ಮಾತ್ರ. ಹಕ್ಕನ್ನು ತೀರ್ಮಾನ ಮಾಡುವುದು ಸಿವಿಲ್ ಕೋರ್ಟೇ.

ನಿಮಗೆ ನಾನು ಹೇಳುವುದು ದಾವೆ. ದಾರಿ ಹಕ್ಕಿನ ಘೋಷಣೆ, ಬೇಲಿ ತೆಗೆಸುವ ಆದೇಶ, ಮುಂದೆ ತಡೆಯದಂತೆ ಶಾಶ್ವತ ತಡೆಯಾಜ್ಞೆ. ಜೊತೆಗೆ ತಾತ್ಕಾಲಿಕ ಆದೇಶಕ್ಕೆ ಅರ್ಜಿ. ಕೈನಕ್ಷೆ ಹಾಕಿ ದಾರಿಯ ಉದ್ದ, ಅಗಲ, ಎಲ್ಲಿಂದ ಎಲ್ಲಿಗೆ ಎಲ್ಲವನ್ನೂ ಎ, ಬಿ, ಸಿ, ಡಿ ಅಂತ ಗುರುತು ಮಾಡಿ. ಬಂಡಿ, ಟ್ರ್ಯಾಕ್ಟರ್ ಎರಡನ್ನೂ ಬರೆಸಿ. ಇನ್ನೊಂದು ಮಾತು, ಆ ಜಾಗವೇ ನಮ್ಮದು ಅಂತ ಎಲ್ಲೂ ಬರೆಸಬೇಡಿ. ಸ್ವಂತ ಜಾಗದ ಮೇಲೆ ಈಸ್‌ಮೆಂಟ್ ಇರಲು ಸಾಧ್ಯವಿಲ್ಲ. ಜಾಗ ಅವರದು, ದಾರಿ ನಮ್ಮದು ಅನ್ನುವುದೇ ನಿಮ್ಮ ಕೇಸು.

ತೆಂಗಿನತೋಟ

ಐದು ವಾರ ಆಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

1974ರ ಪಾಲುಪತ್ರದ ನಕಲು ಸಿಕ್ಕಿತು. ಮೋಡಿ ಬಿದ್ದಂಥ ಕೈಬರಹ. ಜಲ, ತರು, ಪಾಷಾಣ, ನಿಧಿ, ನಿಕ್ಷೇಪ ಅಂತ ಹೋಗುವ ಸಾಲು ಮುಗಿದ ಮೇಲೆ, ಚಕ್ಕುಬಂದಿ ಬರೆಯುವ ಮುಂಚೆ, ಒಂದೂವರೆ ಸಾಲು ಇದೆ. ಒಳಗಿನ ಪಾಲಿನವರು ಮುಂದಿನ ಪಾಲಿನ ಪಡುವಣ ಬದುವಿನ ಮೇಲೆ ಮಾಮೂಲು ಬಂಡಿದಾರಿಯಲ್ಲಿ ತಿರುಗಾಡತಕ್ಕದ್ದು ಅಂತ. ಅಪ್ಪನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಮೂರು ಸಲ ಓದಿಸಿಕೊಂಡರು.

ಅಪ್ಪನ ಮೇಲಿನ ದೂರಿಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟೆವು. ಸಿವಿಲ್ ವ್ಯಾಜ್ಯ ಅಂತ ಹಿಂಬರಹ ಕೊಟ್ಟರು. ದಾವೆ ಹಾಕಿ, ಸ್ಥಳ ನೋಡಿ ವರದಿ ಕೊಡಲು ಕೋರ್ಟು ಕಮಿಷನರ್ ನೇಮಿಸಲು ಕೇಳಿದೆವು. ಅವರು ಬಂದ ದಿನ ಕೊಂಡವರ ಕಡೆಯವರು, ಇಲ್ಲಿ ದಾರಿಯೇ ಇರಲಿಲ್ಲ, ಬರೀ ಹುಲ್ಲು ಅಂದರು. ಉಳುಮೆಯನ್ನೂ ಮಾಡಿಸಿಬಿಟ್ಟಿದ್ದರು, ಜಾಡು ಕಾಣುತ್ತಿರಲಿಲ್ಲ. ಆಗ ಅಪ್ಪ ಕಾಲುವೆ ದಾಟುವ ಚಪ್ಪಡಿಯ ಹತ್ತಿರ ಹೋಗಿ ಮಣ್ಣು ಕೆರೆದರು. ಎರಡು ಚಪ್ಪಡಿ ಜೋಡಿಸಿ ಹಾಕಿದ್ದು ಅದು. ಮೇಲೆ ಎರಡು ಗೀರು, ಬೆರಳು ಇಟ್ಟರೆ ಕೂರುವಷ್ಟು ಆಳ. ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಸವೆಸಿದ್ದು. ಕಮಿಷನರ್ ಟೇಪು ಹಿಡಿದು ಒಂದು ಗೀರಿನಿಂದ ಇನ್ನೊಂದಕ್ಕೆ ಎಷ್ಟು ಅಂತ ಅಳೆದು ಬರೆದುಕೊಂಡರು, ಫೋಟೋ ತೆಗೆದರು. ನಮ್ಮ ಹಳೇ ಗಾಡಿಯ ಅಚ್ಚು ಇನ್ನೂ ಕೊಟ್ಟಿಗೆಯಲ್ಲಿದೆ. ಅದನ್ನೂ ಅಳೆದರು. ಎರಡೂ ಹೊಂದಿತು.

ಹೋದ ವಾರ ತಾತ್ಕಾಲಿಕ ಆದೇಶ ಆಯಿತು. ದಾವೆ ಮುಗಿಯುವವರೆಗೆ ಪಡುವಣ ಬದುವಿನ ಮೇಲೆ ಓಡಾಡಲು ತಡೆಯಬಾರದು ಅಂತ. ಅವರು ನಾಲ್ಕು ಕಂಬ ಕಿತ್ತು ಗೇಟು ಇಡುತ್ತೇವೆ ಅಂದರು. ಬೀಗ ಇಲ್ಲದಿದ್ದರೆ ಒಪ್ಪಿಗೆ ಅಂದೆವು. ರಾಶಿ ಬಿದ್ದ ಕಾಯಲ್ಲಿ ಕಾಲುಭಾಗ ಮೊಳಕೆ ಬಂದಿತ್ತು. ಉಳಿದದ್ದು ಮೊನ್ನೆ ಟ್ರ್ಯಾಕ್ಟರಿನಲ್ಲಿ ತಂದೆವು.

ಮಲೆನಾಡ ಬೇಲಿ

ಒಳ್ಳೆಯದಾಯಿತು. ನಾನೂ ಮೂರು ಮನೆಯವರನ್ನು ಕೂರಿಸಿಕೊಂಡು ಮಾತಾಡಿದೆ. ಇಬ್ಬರು ಸಹಿ ಹಾಕಿದರು. ಮೂರನೆಯವರು ತಮ್ಮ ಕಾಗದ ನೋಡಿ ಹೇಳುತ್ತೇನೆ ಅಂದಿದ್ದಾರೆ. ಮಳೆಗಾಲದಲ್ಲಿ ಪಿಕಪ್ ತರುವುದಿಲ್ಲ ಅನ್ನುವುದಕ್ಕೆ ಮಾತ್ರ ಮೂವರೂ ಒಪ್ಪಿದರು.

ಸರಪಳಿ33

ತೆಂಗಿನತೋಟದವರೇ, ಇದು ಇನ್ನೂ ತಾತ್ಕಾಲಿಕ ಆದೇಶ. ಪೂರ್ತಿ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆದ ದಿನ ಸುಮ್ಮನಿರಬೇಡಿ. ಅದರ ನಕಲು ಇಟ್ಟು ಮುಂದಿನ ಜಮೀನಿನ ಪಹಣಿಯ 11ನೇ ಕಲಂನಲ್ಲಿ ದಾರಿ ಹಕ್ಕು ನಮೂದಿಸಲು ಅರ್ಜಿ ಕೊಡಿ. ಇತರೆ ಹಕ್ಕುಗಳು, ಋಣಗಳು ಬರೆಯುವ ಜಾಗ ಅದು. ನಾಳೆ ಅವರು ಇನ್ನೊಬ್ಬರಿಗೆ ಮಾರಿದರೆ, ಕೊಳ್ಳುವವರು ಪಹಣಿ ತೆಗೆದ ಕೂಡಲೇ ನಿಮ್ಮ ದಾರಿ ಕಣ್ಣಿಗೆ ಬೀಳಬೇಕು. 11ಇ ನಕ್ಷೆ, ಅಂದರೆ ಜಮೀನಿನ ಭಾಗ ಮಾರುವ ಮುಂಚೆ ಸರ್ವೆಯವರು ಮಾಡುವ ನಕ್ಷೆ, ಮಾಡಿಸುವ ಸಂದರ್ಭ ಬಂದರೆ ಸರ್ವೆಯವರಿಗೂ ಡಿಕ್ರಿ ತೋರಿಸಿ. ಆ ಚಪ್ಪಡಿಯನ್ನು ಯಾರೂ ಎತ್ತದ ಹಾಗೆ ನೋಡಿಕೊಳ್ಳಿ.

ತೆಂಗಿನತೋಟ

ಖಂಡಿತ. ಅಪ್ಪ ಈಗ ಕೆಲಸ ಇಲ್ಲದಿದ್ದರೂ ದಿನಾ ಬೆಳಿಗ್ಗೆ ಒಂದು ಸಲ ಆ ದಾರಿಯಲ್ಲಿ ಹೋಗಿಬರುತ್ತಾರೆ. ಮುಂದಿನ ವಾಯಿದೆ ಆಷಾಢ ಕಳೆದ ಮೇಲೆ ಇದೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.